ಕಿವಿಗೆ ಮಾತು ಕೊಟ್ಟವರಿಗೆಲ್ಲ

ಹೋದ ಭಾನುವಾರ ಮೈಸೂರಿನಲ್ಲಿ ನಮ್ಮ ತಂಡದ ನಾಟಕ ಆಯಿತು. ಎರಡು ವರ್ಷದ ಮೇಲೆ ನಾನು ಮತ್ತೆ ಬಣ್ಣ ಹಚ್ಚಿದೆ. ಬಂದು ನೋಡಿದವರು, ಫೋನ್ ಮಾಡಿದವರು ತುಂಬಾ ಜನ. ಒಬ್ಬೊಬ್ಬರಿಗೂ ಉತ್ತರ ಬರೆಯಲು ನನ್ನ ಕಣ್ಣಿಗೆ ಆಗುವುದಿಲ್ಲ. ಇದನ್ನೂ ನಾನು ಹೇಳುತ್ತಿದ್ದೇನೆ, ಸೊಸೆ ಬರೆದುಕೊಳ್ಳುತ್ತಿದ್ದಾಳೆ.

ನನಗಿರುವುದು ಮ್ಯಾಕ್ಯುಲರ್ ಡಿಜೆನರೇಷನ್. ರೆಟಿನಾ ಅಂತಾರಲ್ಲ, ಆ ಪರದೆಯ ನಡುಭಾಗ ಹಾಳಾಗುವ ಕಾಯಿಲೆ. ಅಂಚಿನಲ್ಲಿರುವುದು ಕಾಣುತ್ತದೆ, ನೆಟ್ಟು ನೋಡಿದ್ದು ಕಾಣುವುದಿಲ್ಲ. ಎದುರಿಗಿದ್ದವರ ಕಿವಿಯೋಲೆ ಕಾಣುತ್ತದೆ, ಮುಖ ಕಾಣದು. ಮೊದಲು ಬಾಗಿಲ ಚೌಕಟ್ಟು ಸೊಟ್ಟಗೆ ಕಂಡಿತು. ಆಮೇಲೆ ಅಕ್ಷರ ಹೋದವು. ಓದಲು ಬಾರದ ಮೇಲೆ ಮಾತು ಕಲಿಯುವುದು ಹೇಗೆ? ನಾಟಕ ಇನ್ನು ಸಾಕು ಅಂತ ತಂಡಕ್ಕೆ ಹೇಳಿಬಿಟ್ಟಿದ್ದೆ.

ಆಗ ತಂಡದ ಹುಡುಗಿಯೊಬ್ಬಳು ಮನೆಗೆ ಬಂದು, ‘ಆಂಟಿ, ಸುಮ್ನೆ ಕೇಳಿ’ ಅಂತ ಇಂಗ್ಲೆಂಡಿನ ನಟಿ ಜೂಡಿ ಡೆಂಚ್ ಅವರ ಬಗ್ಗೆ ಓದಿದಳು. ಜೇಮ್ಸ್ ಬಾಂಡ್ ಸಿನಿಮಾಗಳಲ್ಲಿ ಬಾಂಡನ ಮೇಲಧಿಕಾರಿ ‘ಎಂ’ ಅಂತಷ್ಟೇ ನಾನು ಅವರನ್ನು ಬಲ್ಲವಳು. ಅವರಿಗೂ ಇದೇ ಕಾಯಿಲೆ! 2012ರಲ್ಲೇ ಎಲ್ಲರಿಗೂ ತಿಳಿಸಿದ್ದರು. ಗೆಳೆಯರು ಮತ್ತೆ ಮತ್ತೆ ಓದಿ ಹೇಳುತ್ತಾರೆ, ಅವರು ಕೇಳಿ ಕೇಳಿ ಕಲಿಯುತ್ತಾರೆ. ಹಾಗೆ ಕಲಿತೇ 2015ರಲ್ಲಿ ಲಂಡನ್ನಿನ ಗ್ಯಾರಿಕ್ ಥಿಯೇಟರಿನಲ್ಲಿ ಷೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಪಾಲಿನಾ ಪಾತ್ರ ಮಾಡಿದರು. ಮರುವರ್ಷ ಅದಕ್ಕೇ ಲಂಡನ್ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಆಲಿವಿಯೆ ಬಂತು, ಅವರ 8ನೆಯದು.

ಈ ಭಾಗವನ್ನು ಮೂರು ಸಲ ಓದಿಸಿದೆ.

ಆ ನಾಟಕದಲ್ಲಿ ಒಮ್ಮೆ ಜೂಡಿ, ಜೊತೆಗೆ ನಟಿಸುತ್ತಿದ್ದ ಕೆನೆತ್ ಬ್ರಾನಾ ಅವರಿಗೆ ಹೇಳಬೇಕಾದ ಮಾತನ್ನು ಬೇರೆ ಕಡೆ ತಿರುಗಿ ಹೇಳುತ್ತಿದ್ದರಂತೆ. ‘ಕೆಲವು ಅಡಿ ಬಲಕ್ಕೆ ತಿರುಗಿ ಹೇಳಿದರೆ ಅದು ನನಗೆ ಹೇಳಿದಂತಾಗುತ್ತದೆ’ ಅಂದರಂತೆ ಬ್ರಾನಾ. ಅಷ್ಟೇ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ, ಕೆಲಸ ಮುಂದುವರಿಯಿತು. ನನಗೆ ಬೇಕಿದ್ದದ್ದೂ ಅದೇ.

ಆಮೇಲೆ ಜೂಡಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಸಿ ಕೇಳಿದೆ. 1934ರಲ್ಲಿ ಯಾರ್ಕ್‌ನಲ್ಲಿ ಹುಟ್ಟಿದವರು. ಮೊದಲು ರಂಗಸಜ್ಜಿಕೆ ಮಾಡಬೇಕು ಅಂತಿದ್ದರು. 1957ರಲ್ಲಿ ಓಲ್ಡ್ ವಿಕ್ ನಾಟಕ ಕಂಪನಿಯಲ್ಲಿ ‘ಹ್ಯಾಮ್ಲೆಟ್’ನ ಒಫೀಲಿಯಾ. ಸಿನಿಮಾದವನೊಬ್ಬ ನಿನ್ನ ಮುಖದಲ್ಲಿ ಎಲ್ಲವೂ ತಪ್ಪಾಗಿದೆ ಅಂದಿದ್ದನಂತೆ. ಆದರೆ ರಂಗ ಬಿಡಲಿಲ್ಲ. 1976ರಲ್ಲಿ ಷೇಕ್ಸ್‌ಪಿಯರನ ಊರು ಸ್ಟ್ರ್ಯಾಟ್‌ಫರ್ಡ್‌ನ ತಗಡಿನ ಶೆಡ್ಡಿನಂಥ ಪುಟ್ಟ ರಂಗಮಂದಿರದಲ್ಲಿ ‘ಮ್ಯಾಕ್‌ಬೆತ್’ ನಾಟಕದಲ್ಲಿ ನಟ ಇಯಾನ್ ಮೆಕೆಲನ್ ಅವರ ಮ್ಯಾಕ್‌ಬೆತ್‌ಗೆ ಲೇಡಿ ಮ್ಯಾಕ್‌ಬೆತ್ ಆದರು. ಅದರ ವಿಡಿಯೊ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದೆ. ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಅವರ ಗಂಟಲಿಂದ ಬರುವ ಆ ನರಳಾಟ ಇದೆಯಲ್ಲ, ಅದಕ್ಕೆ ಕಣ್ಣು ಬೇಕಾಗಿಯೇ ಇಲ್ಲ. ಮೈ ಜುಮ್ಮೆಂದಿತು. ಮರುದಿನ ತಾಲೀಮಿಗೆ ಹೋದೆ.

ಜೂಡಿ ಅವರಿಗೆ ಈಗ 90 ದಾಟಿದೆ. ಈ ಕನ್ನಡ ಅವರಿಗೆ ತಲುಪುವುದಿಲ್ಲ. ಆದರೂ ಹೇಳುತ್ತೇನೆ: ಅಮ್ಮಾ, ಕಾಯಿಲೆಯನ್ನು ಮುಚ್ಚಿಡದೆ ಹೇಳಿದಿರಿ. ಅದಕ್ಕೆ ನಿಮಗೆ ನನ್ನ ನಮಸ್ಕಾರ.

ಸೊಸೆಗೆ ಏನು ಹೇಳಲಿ? ಅಡುಗೆಮನೆಯಲ್ಲಿ ನಿಂತು ಇಡೀ ನಾಟಕವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದಳು. ನನ್ನ ಮಾತು ಬರುವ ಕಡೆ ಅಷ್ಟೇ ಹೊತ್ತು ಜಾಗ ಬಿಟ್ಟಿದ್ದಳು. ಹಿಂದೆ ಕುಕ್ಕರ್ ಕೂಗುವುದೂ ಕೇಳುತ್ತದೆ. ಈಗಲೂ ಮೂರನೇ ದೃಶ್ಯಕ್ಕೆ ಬಂದಾಗ ನನಗೆ ಆ ಸೀಟಿ ನೆನಪಾಗುತ್ತದೆ. (ಈ ಸಾಲು ಬೇಡ ಅನ್ನುತ್ತಿದ್ದಾಳೆ. ಬರಿಯಮ್ಮ, ಇರಲಿ.)

ತಿಂಗಳು ತಿಂಗಳು ಕಣ್ಣಿಗೆ ಇಂಜೆಕ್ಷನ್ ಹಾಕಿದ ಡಾಕ್ಟರಿಗೆ, ಆಗೆಲ್ಲ ಕೈ ಹಿಡಿದುಕೊಂಡ ಸಿಸ್ಟರ್‌ಗೆ ಋಣಿ. ನನ್ನ ಎದುರು ನಟಿಸಿದ ಹುಡುಗ ಮಾತಿಗೆ ಮೊದಲು ಪಾದ ಸ್ವಲ್ಪ ಉಜ್ಜುತ್ತಿದ್ದ, ನಾನು ಆ ಕಡೆ ತಿರುಗಲಿ ಅಂತ. ನೋಡಿದವರಿಗೆ ಅದು ಪಾತ್ರದ ಅಭ್ಯಾಸ ಅಂತಲೇ ಅನ್ನಿಸಿತಂತೆ.

ಇನ್ನು ರಂಗದ ಹಿಂದಿನ ಮಕ್ಕಳು. ಜಮಖಾನದ ಅಡಿಯಲ್ಲಿ ತೆಂಗಿನ ನಾರಿನ ಹಗ್ಗ ಹಾಸಿ ಅಂಟಿಸಿದ್ದರು. ಬರಿಗಾಲಿಗೆ ಹಗ್ಗ ಸಿಕ್ಕಿತೆಂದರೆ ಅಲ್ಲಿಗೆ ರಂಗದ ಅಂಚು. ಒಮ್ಮೆಯೂ ತಪ್ಪಲಿಲ್ಲ. ಆ ಹಗ್ಗವನ್ನು ಸುತ್ತಿ ಜೋಪಾನವಾಗಿಡಿ ಮಕ್ಕಳೇ. ಮುಂದಿನ ನಾಟಕಕ್ಕೂ ಬೇಕು.