ಗಂಟಲುಮಾರಿ: ಪೆನಿಸಿಲಿನ್ ಒಂದೇ ಯಾಕೆ ಸಾಲದು

ಪ್ರಿಯ ಶಂಕರ,

ಡಿಫ್ತೀರಿಯಾ ಬಂದ ಮಗುವಿಗೆ ಪೆನಿಸಿಲಿನ್ ಕೊಟ್ಟು ಬ್ಯಾಕ್ಟೀರಿಯಾ ಸತ್ತಮೇಲೂ ಹತ್ತು ದಿನಕ್ಕೆ ಹೃದಯ ಯಾಕೆ ಕೈಕೊಡುತ್ತದೆ ಅಂತ ಕೇಳಿದ್ದೆಯಲ್ಲ. ಬ್ಯಾಕ್ಟೀರಿಯಾ ಗಂಟಲಲ್ಲೇ ಬೂದು ಪೊರೆ ಕಟ್ಟಿಕೊಂಡು ಕೂತಿರುತ್ತದೆ. ರಕ್ತದಲ್ಲಿ ಹರಿದು ಹೃದಯಕ್ಕೆ, ನರಗಳಿಗೆ ಹೋಗುವುದು ಅದು ಉಗುಳುವ ವಿಷ, ಒಂದು ಪ್ರೋಟೀನು. 1888ರಲ್ಲೇ ಪ್ಯಾರಿಸ್ಸಿನಲ್ಲಿ ರೂ ಮತ್ತು ಯೆರ್ಸಿನ್ ಎಂಬ ವಿಜ್ಞಾನಿಗಳು, ಬ್ಯಾಕ್ಟೀರಿಯಾ ಸೋಸಿ ತೆಗೆದ ದ್ರವವಷ್ಟೇ ಪ್ರಾಣಿಗಳನ್ನು ಕೊಲ್ಲುತ್ತದೆಂದು ತೋರಿಸಿದ್ದರು.

ಈ ವಿಷ 535 ಅಮೈನೋ ಆಮ್ಲಗಳ ಒಂದು ಸರಪಳಿ. ಅದಕ್ಕೆ ಎ ಮತ್ತು ಬಿ ಎಂದು ಎರಡು ಭಾಗ. ಬಿ ಭಾಗ ನಮ್ಮ ಜೀವಕೋಶದ ಹೊರಮೈಯ ಎಚ್‌ಬಿ-ಇಜಿಎಫ್ ಎಂಬ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ. ಇಲಿಗಳಲ್ಲಿ ಈ ಪ್ರೋಟೀನಿನ ರಚನೆ ಸ್ವಲ್ಪ ಬೇರೆ, ವಿಷ ಹಿಡಿಯುವುದೇ ಇಲ್ಲ. ಹಾಗಾಗಿಯೇ ಇದರ ಪ್ರಯೋಗಕ್ಕೆ ಗಿನಿಪಿಗ್ ಬೇಕು. ಆಮೇಲೆ ನಮ್ಮದೇ ಕಿಣ್ವ ಫ್ಯೂರಿನ್ ಸರಪಳಿಯನ್ನು ಎ ಮತ್ತು ಬಿ ಎಂದು ಕತ್ತರಿಸುತ್ತದೆ. ಆದರೂ ಎರಡೂ ಬೇರೆಯಾಗುವುದಿಲ್ಲ, ನಡುವಿನ ಡೈಸಲ್ಫೈಡ್ ಬಂಧ (ಎರಡು ಗಂಧಕದ ಪರಮಾಣುಗಳ ಕೊಂಡಿ) ಹಿಡಿದಿಟ್ಟಿರುತ್ತದೆ.

ಜೀವಕೋಶ ಇದನ್ನು ಎಂಡೋಸೋಮ್ ಎಂಬ ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಎಂದಿನಂತೆ ಪ್ರೋಟಾನ್ ಪಂಪುಗಳು ಚೀಲದೊಳಗನ್ನು ಆಮ್ಲೀಯ ಮಾಡುತ್ತವೆ. ನನಗೆ ಅತ್ಯಂತ ಬೆರಗಿನ ಹಂತ ಇದೇ. ಪಿಎಚ್ 5ರ ಆಸುಪಾಸಿಗೆ ಇಳಿಯುತ್ತಿದ್ದಂತೆ ಬಿ ಭಾಗದೊಳಗೆ ಅಡಗಿದ್ದ ಸುರುಳಿಗಳು ಹೊರಬಂದು ಚೀಲದ ಪೊರೆಗೆ ನಾಟಿಕೊಳ್ಳುತ್ತವೆ. ಎ ತುಂಡು ತನ್ನ ಮಡಿಕೆ ಬಿಚ್ಚಿಕೊಂಡು, ಸೂಜಿಯ ಕಣ್ಣಲ್ಲಿ ದಾರ ನುಸುಳಿದ ಹಾಗೆ, ಆಚೆಗೆ ದಾಟುತ್ತದೆ. ಅಲ್ಲಿ ಡೈಸಲ್ಫೈಡ್ ಕಳಚುತ್ತದೆ, ಎ ಮತ್ತೆ ಮಡಚಿಕೊಳ್ಳುತ್ತದೆ. ಪ್ರಯೋಗಾಲಯದ ತಟ್ಟೆಗೆ ಅಮೋನಿಯಂ ಕ್ಲೋರೈಡ್ ಹಾಕಿ ಆಮ್ಲೀಯತೆ ತಡೆದರೆ ವಿಷ ಚೀಲದಲ್ಲೇ ಉಳಿಯುತ್ತದೆ, ಕೋಶ ಬದುಕುತ್ತದೆ.

ದಾಟಿದ ಎ ತುಂಡು ಒಂದು ಕಿಣ್ವ. ಎನ್‌ಎಡಿ ಎಂಬ ಸಣ್ಣ ಅಣುವಿನಿಂದ ಎಡಿಪಿ-ರೈಬೋಸ್ ಎಂಬ ತುಣುಕನ್ನು ಕಿತ್ತು ಇಎಫ್-2 ಎಂಬ ಪ್ರೋಟೀನಿಗೆ ಅಂಟಿಸುತ್ತದೆ. ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್, ತಯಾರಿಕೆಯ ಸೂಚನೆ ಹೊತ್ತ ಎಂಆರ್‌ಎನ್‌ಎ ಮೇಲೆ ಮುಂದೆ ಸರಿಯಲು ಇಎಫ್-2 ಬೇಕೇ ಬೇಕು. ಅದು ಕೆಟ್ಟರೆ ಪ್ರೋಟೀನ್ ತಯಾರಿಕೆ ನಿಂತಿತು, ಕೋಶ ಸತ್ತಿತು. ಎ ಮಾತ್ರ ಖರ್ಚಾಗುವುದಿಲ್ಲ, ಒಂದನ್ನು ಕೆಡಿಸಿ ಇನ್ನೊಂದಕ್ಕೆ ಹೋಗುತ್ತದೆ. ಎ ತುಂಡಿನ ಒಂದೇ ಅಣು ಒಳಹೊಕ್ಕರೂ ಕೋಶ ಸಾಯಬಲ್ಲದೆಂದು 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.

ಈಗ ನಿನ್ನ ಪ್ರಶ್ನೆಗೆ ಬರೋಣ. ಪೆನಿಸಿಲಿನ್ ಹೊಸ ವಿಷ ತಯಾರಾಗುವುದನ್ನು ನಿಲ್ಲಿಸುತ್ತದೆ, ಆಗಲೇ ಹೊರಬಿದ್ದದ್ದನ್ನು ಮುಟ್ಟುವುದಿಲ್ಲ. ಇದರ ಪ್ರತಿವಿಷವಾದ ಆಂಟಿಟಾಕ್ಸಿನ್ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ಕೋಶದೊಳಗೆ ಹೋದದ್ದನ್ನಲ್ಲ. ಆದ್ದರಿಂದಲೇ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ವರದಿಗೆ ಕಾಯಬಾರದು; ಪೊರೆ ನೋಡಿ ಅನುಮಾನ ಬಂದರೆ ಗಂಟಲಿನ ಸ್ವಾಬ್ ತೆಗೆದು ತಕ್ಷಣ ಆಂಟಿಟಾಕ್ಸಿನ್ ಕೊಟ್ಟುಬಿಡಬೇಕು. ಗಂಟಲಿಗಷ್ಟೇ ಸೀಮಿತವಾಗಿ ಎರಡು ದಿನದೊಳಗಿದ್ದರೆ 20,000ದಿಂದ 40,000 ಯೂನಿಟ್ ಸಾಕು. ಮೂರು ದಿನ ದಾಟಿ ಕತ್ತು ಊದಿಕೊಂಡಿದ್ದರೆ 80,000ಕ್ಕೂ ಮೇಲೆ ಬೇಕಾಗುತ್ತದೆ. ಇದು ಕುದುರೆಯ ಸೀರಮ್, ಅಲರ್ಜಿ ಜೋರಾಗಿಯೇ ಆಗಬಹುದು. ಸೆನ್ಸಿಟಿವಿಟಿ ಟೆಸ್ಟ್ ಮಾಡಿ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡೇ ಕೊಡಬೇಕು. ಜ್ವರ ಇಳಿದು ಮಗು ಆಡತೊಡಗಿದರೂ ಇಸಿಜಿ ನೋಡುತ್ತಿರಬೇಕು. ಮೊದಲೇ ಒಳಹೊಕ್ಕ ವಿಷದ ಪರಿಣಾಮ ಹೃದಯದಲ್ಲಿ ಕಾಣುವುದು ಒಂದೆರಡು ವಾರದ ಮೇಲೆ.

ಲಸಿಕೆಯಲ್ಲಿರುವುದೂ ಇದೇ ಪ್ರೋಟೀನು, ಫಾರ್ಮಲಿನ್ನಿಂದ ಕೆಡಿಸಿದ್ದು. ಮಗುವಿಗೆ 6, 10, 14 ವಾರಕ್ಕೆ ಪೆಂಟಾ (ಡಿಫ್ತೀರಿಯಾವೂ ಸೇರಿ ಐದು ಕಾಯಿಲೆಗಳ ಲಸಿಕೆ) ಹಾಕಿಸಿ ಮರೆತುಬಿಡುವವರೇ ಹೆಚ್ಚು. ಒಂದೂವರೆ ವರ್ಷದ್ದು, 5-6 ವರ್ಷದ್ದು, 10 ಮತ್ತು 16ರ ಟಿಡಿ (ಧನುರ್ವಾಯು-ಡಿಫ್ತೀರಿಯಾ ಲಸಿಕೆ) ಕೂಡ ಬೇಕು. ಕಾಯಿಲೆಯಿಂದ ಗುಣವಾದ ಮಗುವಿಗೂ ಬಿಡದೆ ಹಾಕಿಸು. ಒಮ್ಮೆ ಬಂದುಹೋದರೆ ರಕ್ಷಣೆ ಸಿಕ್ಕೇಬಿಡುತ್ತದೆ ಅನ್ನುವಂತಿಲ್ಲ.

ನಿನ್ನ,
ರಘು