ನಡಿಗೆಯ ಲಾಭ ನುಂಗುವ ಮಾತ್ರೆಗಳು

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದ 2025ರ ಜುಲೈನಲ್ಲಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದದ್ದು ಓದುಗರಿಗೆ ನೆನಪಿರಬಹುದು. ಭಯ ಇದ್ದ ಕಡೆ ವ್ಯಾಪಾರಕ್ಕೆ ಬರವಿಲ್ಲ. ‘ಹೃದಯಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ’ ಎನ್ನುತ್ತ ಮಾರುವ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲು, ಗಿಡಮೂಲಿಕೆ ಪುಡಿ ಈಗ ಎಲ್ಲೆಲ್ಲೂ ಸಿಗುತ್ತವೆ. ವಾಕಿಂಗ್ ಒಳ್ಳೆಯದು, ಮಾತ್ರೆಯೂ ಒಳ್ಳೆಯದು, ಎರಡೂ ಸೇರಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಕೇಳಲು ಸರಿಯೆನಿಸುತ್ತದೆ. ಆದರೆ ಈ ಕೂಡುವ ಲೆಕ್ಕದಲ್ಲೇ ತಪ್ಪಿದೆ.

ತುಕ್ಕಿನ ಹೋಲಿಕೆ ಅರ್ಧ ಮಾತ್ರ ನಿಜ. ಜೀವಕೋಶ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಫ್ರೀ ರ‍್ಯಾಡಿಕಲ್ ಎಂಬ ತುಂಟ ಅಣುಗಳು ಒಂದಿಷ್ಟು ಹುಟ್ಟುತ್ತವೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಏರಿದ ಬಿಪಿ ಇದ್ದರೆ ಅವು ಮಿತಿಮೀರುತ್ತವೆ. ರಕ್ತನಾಳದ ಒಳಪದರ ಕೆಡುತ್ತದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬು ಉತ್ಕರ್ಷಣಗೊಂಡು (ಆಮ್ಲಜನಕದ ಹೊಡೆತಕ್ಕೆ ಕೆಟ್ಟು) ನಾಳದ ಗೋಡೆಯಲ್ಲಿ ಕೂರುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುವುದು ಇದಕ್ಕೇ. ಆದರೆ ಕಬ್ಬಿಣ ತನ್ನ ತುಕ್ಕನ್ನು ತಾನೇ ಒರೆಸಿಕೊಳ್ಳಲಾರದು, ದೇಹ ಒರೆಸಿಕೊಳ್ಳುತ್ತದೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಇರುವುದೇ ಆ ಕೆಲಸಕ್ಕೆ. ಈ ತುಂಟ ಅಣುಗಳನ್ನು ಅಡಗಿಸುವ ವಸ್ತುವೇ ಆ್ಯಂಟಿಆಕ್ಸಿಡೆಂಟ್, ವಿಟಮಿನ್ ಸಿ, ಇ ಕೂಡ ಅಂಥವೇ. ಬಿರುಸಾಗಿ ನಡೆದಾಗ ಸ್ನಾಯುವಿನಲ್ಲಿ ಫ್ರೀ ರ‍್ಯಾಡಿಕಲ್ ಕಡಿಮೆಯಾಗುವುದಿಲ್ಲ, ಸ್ವಲ್ಪ ಹೊತ್ತು ಹೆಚ್ಚುತ್ತದೆ. ಆ ಸಣ್ಣ ಪೆಟ್ಟು ಬಿದ್ದರೇನೇ ದೇಹ ಈ ಕಿಣ್ವಗಳನ್ನು ಹೆಚ್ಚು ತಯಾರಿಸುವುದು.

ಪೆಟ್ಟು ಬೀಳುವ ಮೊದಲೇ ಮಾತ್ರೆ ನುಂಗಿ ಅದನ್ನು ತಡೆದರೆ? ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 40 ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ಅರ್ಧ ಜನರಿಗೆ ದಿನಕ್ಕೆ 1,000 ಮಿ.ಗ್ರಾಂ ವಿಟಮಿನ್ ಸಿ, 400 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಇ ಕೊಡಲಾಗಿತ್ತು. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ಕಿಣ್ವಗಳೂ ಚುರುಕಾದವು. ಮಾತ್ರೆ ನುಂಗಿದವರಿಗೆ ಬೆವರು ಸುರಿಸಿದ್ದಷ್ಟೇ ಲಾಭ. 2013ರಲ್ಲಿ ಕೋಪನ್‌ಹೇಗನ್‌ನಲ್ಲಿ 65ರ ಆಸುಪಾಸಿನ ಗಂಡಸರಿಗೆ ಎಂಟು ವಾರ ವ್ಯಾಯಾಮದ ಜೊತೆ ದಿನಕ್ಕೆ 250 ಮಿ.ಗ್ರಾಂ ರೆಸ್ವೆರಟ್ರಾಲ್, ಅಂದರೆ ದ್ರಾಕ್ಷಿ ಸಿಪ್ಪೆಯ ಸತ್ವ, ಕೊಟ್ಟಾಗಲೂ ಇಂಥದ್ದೇ ಆಯಿತು. ಹೋಲಿಕೆಗೆಂದು ಸತ್ವವಿಲ್ಲದ ಖಾಲಿ ಮಾತ್ರೆ ನುಂಗಿದವರ ರಕ್ತದೊತ್ತಡ ಇಳಿಯಿತು, ಸತ್ವ ನುಂಗಿದವರದ್ದು ಇಳಿಯಲಿಲ್ಲ. ವಿಟಮಿನ್ ಇ ಹೃದಯವನ್ನು ಕಾಯುವುದಿಲ್ಲವೆಂದು ‘ಹೋಪ್’ ಎಂಬ ದೊಡ್ಡ ಪ್ರಯೋಗ 2000ದಲ್ಲೇ ತೋರಿಸಿತ್ತು. 2005ರ ಮುಂದುವರಿಕೆಯಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯವೇ (ಹೃದಯದ ಪಂಪು ಮಾಡುವ ಶಕ್ತಿ ಕುಂದುವುದು) ಹೆಚ್ಚು ಕಂಡಿತು.

ಹಾಗೆಂದು ಸೀಬೆಹಣ್ಣು, ನೆಲ್ಲಿಕಾಯಿ ಬಿಡಬೇಕಿಲ್ಲ. ನೂರು ಗ್ರಾಂ ಸೀಬೆಯಲ್ಲಿರುವುದು 200 ಮಿ.ಗ್ರಾಂ ಆಸುಪಾಸಿನ ವಿಟಮಿನ್ ಸಿ, ಅದೂ ನಾರಿನೊಂದಿಗೆ ನಿಧಾನವಾಗಿ ಸೇರುತ್ತದೆ. ತೊಂದರೆ ಇರುವುದು ಮಾತ್ರೆಯ ಪ್ರಮಾಣದಲ್ಲಿ.

ಇನ್ನು ಹೊಳೆಮತ್ತಿ, ಅಂದರೆ ಆಯುರ್ವೇದದ ಅರ್ಜುನ. ಕಾವೇರಿ ದಂಡೆಯಲ್ಲಿ ಕಾಣುವ ಇದರ ತೊಗಟೆ ಹೊರಗೆ ಬೂದು ಬಿಳುಪು, ನುಣುಪು, ಚಕ್ಕೆಚಕ್ಕೆಯಾಗಿ ಕಳಚುತ್ತದೆ, ಒಳಗೆ ನಸುಗೆಂಪು. ಮೊಸಳೆ ಚರ್ಮದಂತೆ ಕಪ್ಪಾಗಿ ಬಿರಿದಿದ್ದರೆ ಅದು ಕರಿಮತ್ತಿ, ಬೇರೆ ಮರ. ಪುಡಿಯಾದ ಮೇಲೆ ಗುರುತು ಹಿಡಿಯುವುದು ಕಷ್ಟ, ಗ್ರಂದಿಗೆ ಅಂಗಡಿಯಲ್ಲಿ ತೊಗಟೆಯನ್ನೇ ಕೇಳಿ ತನ್ನಿ. ಕ್ಷೀರಪಾಕದ, ಅಂದರೆ ಹಾಲಿನಲ್ಲಿ ಕುದಿಸಿದ ಕಷಾಯದ, ಹಳೆಯ ಅಳತೆ 1:8:32. ತರಿತರಿ ಕುಟ್ಟಿದ ತೊಗಟೆ 5 ಗ್ರಾಂ, ಹಾಲು 40 ಮಿ.ಲೀ., ನೀರು 160 ಮಿ.ಲೀ. ಮೊದಲು ಪಾತ್ರೆಗೆ ಹಾಲು ಮಾತ್ರ ಸುರಿದು, ಒಂದು ಕಡ್ಡಿ ಅದ್ದಿ ಮಟ್ಟ ಗುರುತಿಟ್ಟುಕೊಳ್ಳಿ. ಆಮೇಲೆ ನೀರು, ತೊಗಟೆ ಸೇರಿಸಿ ಸಣ್ಣ ಉರಿಯಲ್ಲಿ ಆ ಗುರುತಿಗೆ ಇಳಿಯುವ ತನಕ ಕುದಿಸಿ ಸೋಸಿ. ಉರಿ ಜೋರಾದರೆ ತೊಗಟೆಯ ಒಗರಿಗೆ ಹಾಲು ಒಡೆಯುತ್ತದೆ, ಪುಡಿ ನುಣ್ಣಗಿದ್ದರೆ ತಳ ಹಿಡಿಯುತ್ತದೆ. ಕೆಲವರಿಗೆ ಇದರಿಂದ ಮಲಬದ್ಧತೆ ಆಗುವುದುಂಟು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಎರಡು ಗಂಟೆ ಅಂತರ ಕೊಡಬೇಕು, ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ.

ಇದರಿಂದ ಏನು ನಿರೀಕ್ಷಿಸಬಹುದು? ಹೃದಯ ವೈಫಲ್ಯದ ರೋಗಿಗಳಿಗೆ ಎಂದಿನ ಔಷಧದ ಜೊತೆಗೇ ಹೊಳೆಮತ್ತಿ ಸತ್ವವನ್ನು 12 ವಾರ ಕೊಟ್ಟು ದೆಹಲಿಯ ಏಮ್ಸ್ ತಜ್ಞರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚಿತು, ಕೆಲವರಿಗೆ ಓಡಾಡುವ ಶಕ್ತಿಯೂ ಸುಧಾರಿಸಿತು. ಹೃದಯ ರಕ್ತ ಪಂಪು ಮಾಡುವ ಪ್ರಮಾಣ ಮಾತ್ರ ಏರಲಿಲ್ಲ. ಜಾಹೀರಾತುಗಳು ಮೊದಲ ಭಾಗ ಹೇಳಿ ಎರಡನೆಯದನ್ನು ನುಂಗುತ್ತವೆ. ಹೊಳೆಮತ್ತಿ ಕಷಾಯವನ್ನು ವೈದ್ಯರಿಗೆ ತಿಳಿಸಿ ಕುಡಿಯಲು ಅಡ್ಡಿಯಿಲ್ಲ, ಅದನ್ನು ನಂಬಿ ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸುವುದು ಅಪಾಯ.

ಹೆಚ್ಚು ಎಚ್ಚರ ಬೇಕಾದದ್ದು ಈಗಾಗಲೇ ಹೃದಯದ ಮಾತ್ರೆ ನುಂಗುತ್ತಿರುವವರಿಗೆ. ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತುವುದು ಬಲು ಕಡಿಮೆ. ಅದರ ಜೊತೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿ.ಗ್ರಾಂ ಸೇರಿಸಿದರೆ 20 ಪಟ್ಟು ಹೀರಲ್ಪಡುತ್ತದೆ ಎಂದು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಇಂದಿನ ಎಷ್ಟೋ ಅರಿಶಿನ ಕ್ಯಾಪ್ಸೂಲುಗಳಲ್ಲಿ ಕರಿಮೆಣಸಿನ ಸತ್ವ ಇರುವುದು ಅದಕ್ಕೇ. ಆದರೆ ಪೈಪರಿನ್ ಬಾಗಿಲು ತೆರೆಯುವುದು ಅರಿಶಿನಕ್ಕೆ ಮಾತ್ರವಲ್ಲ, ಪ್ರೊಪ್ರನೊಲಾಲ್‌ನಂಥ ಹೃದಯದ ಔಷಧವೂ ರಕ್ತದಲ್ಲಿ ಏರುತ್ತದೆ. ಇಂಥ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಸಾರಿನ ಒಗ್ಗರಣೆಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಇದು ಅನ್ವಯಿಸದು.

ಬೆಳ್ಳುಳ್ಳಿ, ಗಿಂಕೋ (ಒಂದು ಮರದ ಎಲೆಯ ಸತ್ವ) ಕ್ಯಾಪ್ಸೂಲುಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ವಾರಗಟ್ಟಲೆ ಕುಡಿದರೆ ಬಿಪಿ ಏರಿ ಪೊಟ್ಯಾಶಿಯಂ ಇಳಿಯುತ್ತದೆ. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ಅಥವಾ ಮೂತ್ರ ಹೋಗಿಸುವ ಮಾತ್ರೆ ನುಂಗುವವರಲ್ಲಿ ಬಡಿತವೇ ಅಡ್ಡಾದಿಡ್ಡಿಯಾಗಬಹುದು. ಕೊಲೆಸ್ಟ್ರಾಲ್ ಇಳಿಸುವ ಕೆಲವು ಸ್ಟಾಟಿನ್‌ಗಳ ಜೊತೆ ಗ್ರೇಪ್‌ಫ್ರೂಟ್ ಬೇಡವೆನ್ನುವ ಎಚ್ಚರಿಕೆಯನ್ನು ನಮ್ಮ ಚಕ್ಕೋತಕ್ಕೂ ಅನ್ವಯಿಸಿಕೊಳ್ಳುವುದು ಕ್ಷೇಮ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ, ಕಿತ್ತಳೆ ಸೇರಿ.

ವ್ಯಾಯಾಮದ ಪ್ರಮಾಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ ಸಾಕು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಮಧ್ಯಮ ವೇಗವೆಂದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರು ಕೈಗಡಿಯಾರ ತೋರಿಸುವ ನಾಡಿಬಡಿತ ಬಿಟ್ಟು ಈ ಮಾತಿನ ಪರೀಕ್ಷೆಯನ್ನೇ ನೆಚ್ಚಬೇಕು, ಆ ಮಾತ್ರೆ ಬಡಿತವನ್ನೇ ಹಿಡಿದಿಡುತ್ತದೆ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ ನಡಿಗೆ ಇರಲಿ. ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆಸುತ್ತು ಬರುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಜಿಗಿಯುತ್ತದೆ. ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ಕಾರಣವಿಲ್ಲದ ತಣ್ಣನೆಯ ಬೆವರು ಕಂಡರೆ ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಏದುಸಿರು ಬರಬಹುದು.

ಕೊನೆಗೆ ಪತ್ರಿಕೆಗೇ ಒಂದು ಮನವಿ. ಹೃದ್ರೋಗ ವಾಸಿ ಮಾಡುತ್ತೇವೆಂದು ಔಷಧ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಂತೆ ಅಪರಾಧ. ಆಹಾರ ಪೂರಕವೆಂದು ಪರವಾನಗಿ ಪಡೆದ ಬಾಟಲಿಯ ಮೇಲಂತೂ ‘ಔಷಧೀಯ ಬಳಕೆಗಲ್ಲ’ ಎಂದು ಮುದ್ರಿಸಲೇಬೇಕು. ಸಣ್ಣ ಅಕ್ಷರದ ಆ ಸಾಲನ್ನು ಜಾಹೀರಾತಿನಲ್ಲಿ ಹೃದಯದ ಚಿತ್ರದ ಪಕ್ಕದಲ್ಲೇ, ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿ.

– ಔಷಧಶಾಸ್ತ್ರ ಅಧ್ಯಾಪಕರು, ಮೈಸೂರು