ಘಾಜಿಯನ್ನು ಮುಳುಗಿಸಿದ್ದು ಕುರ್ಸುರಾ ಅಲ್ಲ ಮಾರಾಯ್ರೇ

ಸಂಪಾದಕರೇ,

ನೌಕಾಪಡೆ ದಿನದ ಕಾರ್ಯಕ್ರಮದ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿದೆ. ಕೈಯಲ್ಲಿದ್ದ ಚಹಾ ಹಾಗೇ ತಣ್ಣಗಾಯಿತು. ‘ಪಾಕಿಸ್ತಾನದ ಘಾಜಿಯನ್ನು ಮುಳುಗಿಸಿದ ನಮ್ಮ ಕುರ್ಸುರಾ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಘಾಜಿ ಅಂದರೆ 1971ರ ಯುದ್ಧದಲ್ಲಿ ಮುಳುಗಿದ ಪಾಕಿಸ್ತಾನದ ಸಬ್‌ಮರೀನ್, ಕುರ್ಸುರಾ ನಮ್ಮ ನೌಕಾಪಡೆಯ ಸಬ್‌ಮರೀನ್. ವೇದಿಕೆ ಮೇಲಿದ್ದವರು ಹೇಳಿದ್ದು ತಪ್ಪು. ಅದನ್ನೇ ಅಚ್ಚು ಹಾಕಿ ಊರಿಗೆಲ್ಲ ಹಂಚಿದ್ದು ಅದಕ್ಕಿಂತ ದೊಡ್ಡ ತಪ್ಪು.

ಅಲ್ಲಿ ಏನಾಯಿತು ಅಂತ ನಿಮ್ಮ ವರದಿಗಾರರು ಬರೆದಿಲ್ಲ, ನಾನು ಬರೆಯುತ್ತೇನೆ. ಮಕ್ಕಳ ಕ್ವಿಜ್, ಕೊನೇ ಪ್ರಶ್ನೆ. 1971ರಲ್ಲಿ ಘಾಜಿಯನ್ನು ಮುಳುಗಿಸಿದ್ದು ಯಾವುದು? ಏಳನೇ ಕ್ಲಾಸಿನ ನನ್ನ ಮೊಮ್ಮಗಳು ‘ರಜಪೂತ್’ ಎಂದಳು. ತಪ್ಪು ಅಂದರು. ಪಕ್ಕದ ತಂಡದ ಹುಡುಗ ‘ಕುರ್ಸುರಾ’ ಎಂದ. ಚಪ್ಪಾಳೆಯೋ ಚಪ್ಪಾಳೆ. ಒಂದೇ ಒಂದು ಅಂಕದಲ್ಲಿ ಮೊದಲ ಬಹುಮಾನ ಹೋಯಿತು. ನಾನು ಎದ್ದು ನಿಂತು ಇದು ಸರಿಯಲ್ಲ ಎಂದೆ. “ಅಜ್ಜ, ಕೂತ್ಕೊಳ್ಳಿ, ನಮ್ಮತ್ರ ಆನ್ಸರ್ ಕೀ ಇದೆ” ಅಂದರು ಮೈಕ್ ಹಿಡಿದವರು. ಆನ್ಸರ್ ಕೀ! ಅದೇ ಕುರ್ಸುರಾ ಬೋಟಿನ ಹೊಟ್ಟೆಯೊಳಗೆ ಮೂರು ವರ್ಷ ಡೀಸೆಲ್ ಇಂಜಿನ್ ಕಾದವನು ನಾನು. ಸಬ್‌ಮರೀನಿನವರು ಅದನ್ನು ಹಡಗು ಅನ್ನುವುದಿಲ್ಲ, ಬೋಟ್ ಅಂತಲೇ ಅನ್ನುವುದು. ಅಷ್ಟೂ ಗೊತ್ತಿಲ್ಲದವರ ಕೈಗೆ ಮೈಕ್ ಕೊಟ್ಟಿದ್ದಾರೆ.

ಈಗ ಕೇಳಿ. ಕುರ್ಸುರಾ ನಮ್ಮ ದೇಶದ ನಾಲ್ಕನೇ ಸಬ್‌ಮರೀನ್. ಕಲ್ವರಿ, ಖಂಡೇರಿ, ಕರಂಜ್ ಆದ ಮೇಲೆ ಇದು. 1969ರ ಡಿಸೆಂಬರ್ 18ರಂದು ಸೋವಿಯತ್ ದೇಶದ ರಿಗಾದಲ್ಲಿ ಸೇವೆಗೆ ಸೇರಿತು. ಮರುವರ್ಷ ಫೆಬ್ರವರಿಯಲ್ಲಿ ಊರ ಕಡೆ ಹೊರಟಿತು. ಸೂಯೆಜ್ ಕಾಲುವೆ ಆಗ ಬಂದ್, ಹಾಗಾಗಿ ಇಡೀ ಆಫ್ರಿಕಾ ಸುತ್ತಿಕೊಂಡೇ ಬರಬೇಕಾಯಿತು. 91 ಮೀಟರ್ ಉದ್ದದ ಕೊಳವೆ, ಅದರಲ್ಲಿ 75 ಜನ. ಮೈಗೆ ಹತ್ತಿದ ಡೀಸೆಲ್ ವಾಸನೆ ರಜೆಗೆ ಮನೆಗೆ ಬಂದರೂ ಹೋಗುತ್ತಿರಲಿಲ್ಲ, ನಮ್ಮ ಹೆಂಗಸು ನನ್ನ ಬಟ್ಟೆಯನ್ನು ಬೇರೆ ಬಕೆಟ್‌ನಲ್ಲೇ ನೆನೆಸುತ್ತಿದ್ದಳು. ಇರಲಿ, ಅದು ನಮ್ಮ ಮನೆ ಮಾತು.

1971ರ ನವೆಂಬರ್ 18ಕ್ಕೆ ಕುರ್ಸುರಾ ಗಸ್ತು ಶುರು ಮಾಡಿತು. ಎಲ್ಲಿ? ಅರಬ್ಬೀ ಸಮುದ್ರದಲ್ಲಿ. ನವೆಂಬರ್ 30ರಂದು ನಡುಸಮುದ್ರದಲ್ಲಿ ಕರಂಜ್ ಸಿಕ್ಕಿತು, ಅದಕ್ಕೆ ಕೆಲವು ಸೂಚನೆಗಳನ್ನು ದಾಟಿಸಿತು. ಡಿಸೆಂಬರ್ 2ರವರೆಗೆ ಮಾತ್ರ ಗಸ್ತು ಅಂತ ಅಪ್ಪಣೆ ಇತ್ತು, 4ನೇ ತಾರೀಕಿನ ಹೊತ್ತಿಗೆ ಬಾಂಬೆಗೆ ವಾಪಸ್. ಘಾಜಿ ಮುಳುಗಿದ್ದು ಡಿಸೆಂಬರ್ 3ರ ರಾತ್ರಿ ಕಳೆದು 4 ಆಗುವಾಗ, ವಿಶಾಖಪಟ್ಟಣದ ಎದುರು, ಬಂಗಾಳ ಕೊಲ್ಲಿಯಲ್ಲಿ. ಇದು ಪಡುವಣ ಕಡಲಲ್ಲಿ, ಅದು ಮೂಡಣ ಕಡಲಲ್ಲಿ. ನಡುವೆ ಇಡೀ ದಕ್ಷಿಣ ಭಾರತ ಇದೆ ಸ್ವಾಮಿ, ಶ್ರೀಲಂಕಾ ಸುತ್ತಿ ಹೋಗಬೇಕು. ಕುರ್ಸುರಾಕ್ಕೆ ಏನು ರೆಕ್ಕೆ ಇತ್ತಾ?

ಘಾಜಿಯ ಮೇಲೆ ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬು, ಹಾಕಿದ್ದು ನಮ್ಮ ರಜಪೂತ್ ಎಂಬ ಹಳೇ ಡಿಸ್ಟ್ರಾಯರ್ ಯುದ್ಧನೌಕೆ. ಪಾಕಿಸ್ತಾನದವರು ಅದನ್ನು ಒಪ್ಪುವುದಿಲ್ಲ, ಕಡಲಲ್ಲಿ ಮೈನ್ ಎಂಬ ಸ್ಫೋಟಕ ಹಾಕುವಾಗ ಅಪಘಾತವಾಗಿ ತಾನೇ ಸಿಡಿಯಿತು ಅನ್ನುತ್ತಾರೆ. ಒಳಗಿದ್ದವರಲ್ಲಿ ಒಬ್ಬನೂ ಉಳಿಯಲಿಲ್ಲ, ಹೇಳುವವರು ಯಾರು? ಕ್ವಿಜ್‌ನವರು ‘ಇದರಲ್ಲಿ ವಾದ ಇದೆ, ಪ್ರಶ್ನೆ ಕೈಬಿಡುತ್ತೇವೆ’ ಎಂದಿದ್ದರೂ ನಾನು ಸುಮ್ನೆ ಕೂತುಬಿಡುತ್ತಿದ್ದೆ. ಆದರೆ ಎರಡೂ ದೇಶದವರು ಹೇಳದ ಮೂರನೇ ಉತ್ತರವನ್ನು ಇವರು ಎಲ್ಲಿಂದ ತಂದರು?

ಎಲ್ಲಿಂದ ಅಂತ ನನಗೆ ಗೊತ್ತು. ಕುರ್ಸುರಾ ಈಗ ಮ್ಯೂಸಿಯಂ ಆಗಿ ವಿಶಾಖಪಟ್ಟಣದ ಆರ್.ಕೆ. ಬೀಚ್‌ನಲ್ಲಿ ನಿಂತಿದೆ. ಘಾಜಿ ಮುಳುಗಿದ್ದೂ ಅದೇ ಊರಿನ ಎದುರು. ಟೂರ್ ಹೋದವರು ಸೆಲ್ಫಿ ತೆಗೆದುಕೊಂಡು ಬರುವಷ್ಟರಲ್ಲಿ ಎರಡನ್ನೂ ಸೇರಿಸಿ ಒಂದು ಕತೆ ಹೊಸೆದಿರುತ್ತಾರೆ. ಅದು ವಾಟ್ಸ್ಆ್ಯಪ್‌ಗೆ ಹೋಗುತ್ತದೆ. ಅಲ್ಲಿಂದ ಆನ್ಸರ್ ಕೀ!

ಅಷ್ಟಕ್ಕೂ ಕುರ್ಸುರಾಕ್ಕೆ ಸುಳ್ಳು ಹಾರ ಯಾಕೆ ಬೇಕು? ಆ ಯುದ್ಧದಲ್ಲಿ ಅದಕ್ಕೆ ಕೈಕಟ್ಟಿ ಕಳಿಸಿದ್ದರು. ಇಂಥ ದಾರಿ ದಾಟಬಾರದು. ಶತ್ರುವಿನ ಯುದ್ಧನೌಕೆಯೇ ಅಂತ ಖಾತ್ರಿಯಾದರೆ ಮಾತ್ರ ಹೊಡೆಯಬಹುದು. ಸರಕಿನ ಹಡಗಾದರೆ ಬೇರೆಯೇ ಅಪ್ಪಣೆ ಬರಬೇಕು. 22 ಟಾರ್ಪಿಡೊ ಹಿಡಿಯುವ ಬೋಟು ಬೇಟೆ ಇಲ್ಲದೆ ತಿರುಗಿ ಬಂತು. ಆಮೇಲೆ ಸರಿಯಾದ ಹೊತ್ತಿಗೆ ರಿಪೇರಿ ಆಗದೆ ಮೂಲೆ ಸೇರಿತು. ಬೇರೆ ಬೋಟುಗಳಿಗೆ ಬೇಕಾದಾಗಲೆಲ್ಲ ಇದರ ಸಾಮಾನು ಬಿಚ್ಚಿ ಕೊಟ್ಟರು. ಸಂತೆಯಲ್ಲಿ ನಿಂತ ಹಳೇ ಗಾಡಿಯ ಹಾಗೆ. ಮತ್ತೆ 1980ರಿಂದ 82ರವರೆಗೆ ವಿಶಾಖಪಟ್ಟಣದಲ್ಲಿ ರಿಪೇರಿ ಮಾಡಿ, 1985ಕ್ಕೆ ಕೆಲಸಕ್ಕೆ ಎಬ್ಬಿಸಿದರು. ನಾನು ಸೇರಿದ್ದು ಅದರ ಮರುವರ್ಷ. 2001ರ ಫೆಬ್ರವರಿ 27ಕ್ಕೆ ನಿವೃತ್ತಿ ಆಗುವಾಗ 31 ವರ್ಷ ತುಂಬಿತ್ತು, 73,500 ನಾಟಿಕಲ್ ಮೈಲಿ ಓಡಿತ್ತು. ಗುಜರಿಗೆ ಹೋಗಬೇಕಿದ್ದ ಬೋಟು ಎದ್ದು ಬಂದು ಮತ್ತೆ ಹದಿನಾರು ವರ್ಷ ದುಡಿದದ್ದು ನಿಮ್ಮ ವರದಿಗೆ ಸಾಲಲಿಲ್ಲವಾ?

ಇದನ್ನು ಹೇಳೋಣ ಅಂತ ಸೋಮವಾರ ಸಂಬಂಧಪಟ್ಟ ಕಚೇರಿಗೆ ಹೋದೆ. ನಾನಿರುವುದು ಸದಾಶಿವಗಡದ ಕಡೆ. ಕಾಳಿ ನದಿಯ ಹಳೇ ಸೇತುವೆ ಬಿದ್ದ ಮೇಲೆ ನಮ್ಮ ಕಡೆಯವರ ಪಾಡು ಕಾರವಾರದವರಿಗೆ ಹೇಳಬೇಕಾಗಿಲ್ಲ. ಮುಕ್ಕಾಲು ಗಂಟೆ ಬಸ್ಸಿನಲ್ಲಿ ನಿಂತೇ ಹೋದೆ, ಮಂಡಿನೋವು ಬೇರೆ. ಅಲ್ಲಿ ಸಾಹೇಬರು ಮೀಟಿಂಗಿನಲ್ಲಿ. ಮಧ್ಯಾಹ್ನ ಊಟಕ್ಕೆ. ಊಟ ಆದ ಮೇಲೆ ಕರೆಂಟಿಲ್ಲ. ಕೊನೆಗೆ ಗುಮಾಸ್ತರು ‘ದೂರು ಬರೆದು ಕೊಡಿ, ಆಧಾರ್ ಜೆರಾಕ್ಸ್ ಹಚ್ಚಿ’ ಎಂದರು. ಘಾಜಿ ಯಾರು ಮುಳುಗಿಸಿದರು ಅನ್ನುವುದಕ್ಕೆ ನನ್ನ ಆಧಾರ್ ಯಾಕೆ? ಜೆರಾಕ್ಸ್ ಅಂಗಡಿಯಲ್ಲೂ ಕರೆಂಟಿಲ್ಲ. ಮನೆಗೆ ಬಂದಾಗ ಕತ್ತಲೆ.

ಇದೇ ಕಚೇರಿಗಳ ಕತೆ ಹೇಳುತ್ತಾ ಹೋದರೆ ನಿಮ್ಮ ಪುಟ ಸಾಲದು. ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗೆ ನಾನು ಬದುಕಿದ್ದೇನೆ ಅಂತ ಸಾಬೀತು ಮಾಡಬೇಕು. ಇಂಜಿನ್ ಕೆಲಸದಲ್ಲಿ ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ‘ಎಣ್ಣೆ ಹಚ್ಚಿ ನೋಡಿ’ ಎಂದಳು ಒಬ್ಬಳು ಹುಡುಗಿ. ಎಣ್ಣೆ ಹಚ್ಚಿಯೇ ಸವೆದದ್ದು ಮಗಳೇ ಎಂದೆ, ಅವಳಿಗೆ ಅರ್ಥ ಆಗಲಿಲ್ಲ. ನೌಕಾನೆಲೆಗೆ ಗದ್ದೆ ಬಿಟ್ಟುಕೊಟ್ಟವರ ಪರಿಹಾರದ ಫೈಲು ಎಷ್ಟು ವರ್ಷ ತಿರುಗಿತು ಅಂತ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಆ ಫೈಲುಗಳು ಕುರ್ಸುರಾಕ್ಕಿಂತ ಜಾಸ್ತಿ ಮೈಲಿ ಓಡಿವೆ.

ಆದ್ದರಿಂದ ತಿದ್ದುಪಡಿ ಹಾಕಿ. ಮೂಲೆಯಲ್ಲಿ ಎರಡು ಸಾಲು ಅಲ್ಲ, ಅದೇ ಪುಟ, ಅದೇ ದಪ್ಪ ಅಕ್ಷರ. ಕ್ವಿಜ್ ನಡೆಸಿದವರು ಮೊಮ್ಮಗಳ ಅಂಕ ವಾಪಸ್ ಕೊಡಲಿ. ಬಹುಮಾನ ಬೇಡ. ಕೊಟ್ಟರೆ ಬೇಡ ಅನ್ನುವುದಿಲ್ಲ, ಆದರೆ ಗೆದ್ದ ಹುಡುಗನದ್ದು ಕಿತ್ತು ಕೊಡಬೇಡಿ, ಪಾಪ, ಅವನ ತಪ್ಪೇನಿದೆ? ಸೇತುವೆ ಬಗ್ಗೆಯೂ ಯಾರಾದರೂ ಏನಾದರೂ ಮಾಡಲಿ. ಮತ್ತೆ, ಮುಂದಿನ ವರ್ಷ ಸನ್ಮಾನ ಅಂತ ನನ್ನನ್ನು ವೇದಿಕೆಗೆ ಕರೆಯಬೇಡಿ. ಹೋದ ವರ್ಷ ಹೊದಿಸಿದ ಶಾಲು ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ನನ್ನ ಎರಡು ಬಿಳಿ ಪಂಚೆ ಹಾಳಾಗಿದೆ.

– ಒಬ್ಬ ಮಾಜಿ ನಾವಿಕ, ಕಾರವಾರ